ಪೀಠಿಕೆಗೆ ಬಾರದ ಊರು

ನಾನು ಪಾಠ ಮಾಡುವ ಔರಾದಿನ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಸೇರಿದ ಹಳ್ಳಿಯ ಹುಡುಗಿಯರಲ್ಲಿ ಎಷ್ಟೋ ಮಂದಿ ಎರಡನೇ ವರ್ಷಕ್ಕೆ ಬರುತ್ತಿರಲಿಲ್ಲ. ಹಾಜರಿ ಕರೆಯುವಾಗ ಹೆಸರು ಓದುವುದು, ಸ್ವಲ್ಪ ಕಾಯುವುದು, ಮುಂದಿನ ಹೆಸರಿಗೆ ಹೋಗುವುದು ನಮಗೆಲ್ಲ ರೂಢಿಯಾಗಿಹೋಗಿತ್ತು. ರೂಢಿ ಮಾಡಿಕೊಳ್ಳದವರು ಸಮಾಜಶಾಸ್ತ್ರ ಕಲಿಸುವ ಮೇಡಂ ಒಬ್ಬರೇ. ಅವರು ಭಾಲ್ಕಿಯವರು, ಮನೆಮಾತು ದಖನಿ ಉರ್ದು, ಔರಾದಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದರು. ಒಂದು ದಿನ ಅವರು ಪ್ರಿನ್ಸಿಪಾಲರ ಎದುರು ಕುಳಿತು, "ಹುಡುಗ್ಯಾರು ಯಾಕ ಬಿಡ್ಲತ್ತಾರ ಅಂತ ಊರೂರಿಗಿ ಹೋಗಿ ಕೇಳ್ಕೊಂಡು ಬರೋಣ್ರಿ ಸರ್. ಬರ್ದು ಬೀದರಿಗಿ ಕಳ್ಸೋಣು," ಎಂದರು. ಪ್ರಿನ್ಸಿಪಾಲರು ಒಪ್ಪಿದರು. ಬರೆಯುವ ಮಾತು ಬಂದದ್ದರಿಂದ ಕನ್ನಡದ ಮೇಷ್ಟ್ರಾದ ನನ್ನ ಹೆಸರೂ ಅದರಲ್ಲಿ ಸೇರಿತು.

ತಿರುಗಾಟವೆಲ್ಲ ಮೇಡಂ ಅವರದೇ. ತರಗತಿ ಮುಗಿಸಿ, ಸಿಕ್ಕ ಟಂಟಂ ಆಟೋ ಹತ್ತಿ, ಇಳಿದು, ತೊಗರಿ ಹೊಲಗಳ ನಡುವೆ ನಡೆದು, ಕತ್ತಲಾಗುವಷ್ಟರಲ್ಲಿ ತಿರುಗಿ ಬರುತ್ತಿದ್ದರು. ನಾನು ಬೀದರಿನಿಂದ ದಿನಾ ಬಂದು ಹೋಗುವವನು. ಸಂಜೆಯ ಬಸ್ಸು ತಪ್ಪುತ್ತದೆ ಎಂದು ಹೇಳಿ ಅವರ ಜೊತೆ ಎರಡೇ ಊರಿಗೆ ಹೋಗಿ ಬಂದೆ.

ಆ ಎರಡು ಊರುಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಒಂದು, ಡಾಂಬರು ರಸ್ತೆಯ ಮೇಲೇ ಇರುವ ಊರು. ರಸ್ತೆ ಇತ್ತು, ಬಸ್ಸು ಬರುತ್ತಿರಲಿಲ್ಲ. ಊರ ಬಾಯಲ್ಲಿ ದೊಡ್ಡ ಬೇವಿನ ಮರ. ಅದರ ಕೆಳಗೆ ಹುಡುಗಿಯರು ದಾರಿಯಲ್ಲಿ ಹೋಗುವ ಯಾವುದಾದರೂ ಗಾಡಿ ನಿಂತೀತೆಂದು ಪುಸ್ತಕ ಎದೆಗವಚಿಕೊಂಡು ಕಾಯುತ್ತಿದ್ದರು. ಇನ್ನೊಂದು ಹಳ್ಳದಾಚೆಯ ಊರು. ಅಲ್ಲಿಯ ಹುಡುಗಿಯರು ಮುಂಜಾನೆ ಎದ್ದು ಹಳ್ಳ ದಾಟಿ, ಹೊಲದ ಬದುವಿನ ಮೇಲೆ ನಡೆದು ಕ್ರಾಸಿಗೆ ಬರಬೇಕು. ಅಲ್ಲಿ ಗಡಿಯ ಕಡೆಯಿಂದ ಬರುವ ಒಂದು ಬಸ್ಸು ನಿಲ್ಲುತ್ತಿತ್ತು. ಮಳೆ ಹೆಚ್ಚಾಗಿ ಹಳ್ಳ ತುಂಬಿದರೆ ಅದೂ ಇಲ್ಲ. ಸಂಜೆ ಬಸ್ಸೇ ಇರಲಿಲ್ಲ. ಆ ಊರಿನ ಒಬ್ಬಳು ನನ್ನ ತರಗತಿಯಲ್ಲೇ ಇದ್ದಳು. ನಾವು ಹೋದಾಗ ಅವಳ ಅಪ್ಪ ಅಂಗಳದಲ್ಲಿ ಹೊರಸು ಹಾಕಿ, "ಕುಂಡ್ರಿ ಸರ್. ನೀವು ಬರ್ದ್ರ ನಮ್ಮೂರಿಗಿ ಏನರೆ ಆಗ್ತದ," ಎಂದು ಚಹಾ ಕೊಟ್ಟರು. ಮಗಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮೇಷ್ಟ್ರು ಮನೆಗೆ ಬಂದ ಸಂಭ್ರಮ ಅದು.

ಮೇಡಂ ಒಂದೊಂದು ಊರಿಗೆ ಒಂದೊಂದು ಅಧ್ಯಾಯ ಬರೆದರು. ಕನ್ನಡ ಸ್ವಲ್ಪ ಬಿರುಸು, ಆದರೆ ಎಲ್ಲ ವಿವರವೂ ಇತ್ತು. ಪೀಠಿಕೆಯನ್ನು ಇಬ್ಬರೂ ಕೂತು ಬರೆಯೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಭಾಲ್ಕಿಯಲ್ಲಿ ಅವರ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೇಡಂ ರಜೆ ಹಾಕಿ ಹೋದರು. "ಪೀಠಿಕಿ ನೀವೇ ಬರೀರಿ ಸರ್, ನಿಮ್ಮ ಕೈಗಿ ಹತ್ತಿದ್ದು ಅದು," ಎಂದು ಫೋನಿನಲ್ಲಿ ಹೇಳಿದರು.

ವರದಿಯ ಪೀಠಿಕೆ ಹೇಗಿರಬೇಕು ಎಂದು ನಾನು ವರ್ಷವರ್ಷವೂ ಪಾಠ ಮಾಡುವವನೇ. ಹಿನ್ನೆಲೆ ಹೇಳಬೇಕು, ಉದ್ದೇಶ ಹೇಳಬೇಕು, ಎಲ್ಲಿಂದ ಎಲ್ಲಿಯವರೆಗೆ ನೋಡಿದ್ದೇವೆ, ಹೇಗೆ ನೋಡಿದ್ದೇವೆ ಎಂದು ತಿಳಿಸಬೇಕು, ಚಿಕ್ಕದಾಗಿರಬೇಕು. ಆದರೆ ಬರೆಯಲು ಕೂತಾಗ ಆ ಒಣ ಸಾಲುಗಳು ನನಗೆ ರುಚಿಸಲಿಲ್ಲ. ಬೀದರಿನ ಜಿಲ್ಲಾ ಕಚೇರಿಯಲ್ಲಿ ಇಂಥ ವರದಿಗಳು ರಾಶಿ ಬಿದ್ದಿರುತ್ತವೆ, ಮೊದಲ ಪುಟದಲ್ಲೇ ಓದುವವರನ್ನು ಹಿಡಿದು ನಿಲ್ಲಿಸಬೇಕು ಅನ್ನಿಸಿತು. ಬೇವಿನ ಮರದ ಕೆಳಗಿನ ಹುಡುಗಿಯರಿಂದ ಶುರುಮಾಡಿದೆ. ಬೆಳಗಿನ ಬಿಸಿಲು, ಉದುರಿದ ಬೇವಿನ ಹೂ, ದೂಳೆಬ್ಬಿಸಿ ನಿಲ್ಲದೆ ಹೋಗುವ ಜೀಪು, ಮತ್ತೆ ಮನೆಗೆ ತಿರುಗುವ ಒಬ್ಬ ಹುಡುಗಿ. ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿಕೊಂಡೆ. ಹಿಗ್ಗು ಬಂತು.

ಒಂದು ಭಾನುವಾರ ಅದನ್ನು ಹಿಡಿದುಕೊಂಡು ಭಾಲ್ಕಿಗೆ ಹೋದೆ. ಮೇಡಂ ಅವರ ತಾಯಿ ಮಂಚದ ಮೇಲೆ ಮಲಗಿದ್ದಲ್ಲಿಂದಲೇ, "ಆವ್ ಬೇಟಾ, ಬೈಠೋ," ಎಂದು ಕೂರಲು ಹೇಳಿದರು. ನಾನು ಪೀಠಿಕೆ ಓದಿದೆ. ಮೇಡಂ ಕಣ್ಣು ಮುಚ್ಚಿ ಕೇಳಿದರು.

"ಭಾಳ ಚಂದ ಅದ ಸರ್. ನನಗ ಹಿಂಗ ಬರೀಲಾಕ ಬರ್ತಿದ್ದಿಲ್ಲ. ಆದ್ರ ಹಳ್ಳದ ಆಚಿ ಊರು ಬರ್ಲೇ ಇಲ್ಲಲ್ರಿ?"

"ಅದು ನಿಮ್ಮ ಮೂರನೇ ಅಧ್ಯಾಯದಾಗ ಪೂರಾ ಅದ ಅಲ್ರಿ ಮೇಡಂ. ಪೀಠಿಕಿದಾಗ ಎಲ್ಲಾ ಊರು ಹ್ಯಾಂಗ ತರ್ಲಾಕ ಆಗ್ತದ? ಒಂದು ಉದಾಹರಣಿ ಸಾಕು."

"ಎಲ್ಲಾ ಊರು ಬ್ಯಾಡ್ರಿ, ಅದೊಂದೇ. ತ್ರಾಸ್ ಭಾಳ ಇದ್ದದ್ದು ಅಲ್ಲೇ."

ಅಷ್ಟರಲ್ಲಿ ಅವರ ತಾಯಿ ನರಳಿದರು. ಮೇಡಂ ಎದ್ದು ಹೋಗಿ ಅವರನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಿ ಬಂದರು. ಬಂದಾಗ ಮುಖ ಬಾಡಿತ್ತು. "ಇರ್ಲಿ ಬಿಡ್ರಿ ಸರ್. ನೀವು ಕನ್ನಡದವ್ರು, ನಿಮಗ ಗೊತ್ತಿರ್ತದ," ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೂತು, ಹಳ್ಳದಾಚೆಯ ಊರನ್ನೂ ಸೇರಿಸಲು ನೋಡಿದೆ. ಸೇರಿಸಿದೆ ಕೂಡ. ಹಳ್ಳ, ಬದು, ಕ್ರಾಸು, ಇರುವ ಒಂದು ಬಸ್ಸು, ಇಲ್ಲದ ಸಂಜೆಯ ಬಸ್ಸು ಎಂದು ಹೇಳುತ್ತ ಹೋದರೆ ವಾಕ್ಯ ಜೋತುಬಿದ್ದಿತು. ಬೇವಿನ ಮರದ ಚಿತ್ರ ಮಂಕಾಯಿತು. ಬೀದರ ಬರುವಷ್ಟರಲ್ಲಿ ಆ ವಾಕ್ಯವನ್ನು ಹೊಡೆದುಹಾಕಿದ್ದೆ. ಒಂದು ವಾಕ್ಯಕ್ಕೆ ಜಾಗ ಇಲ್ಲವೆಂದೇನೂ ಅಲ್ಲ, ನನ್ನ ಬರಹದ ಅಂದ ಕೆಡುತ್ತದೆ ಎಂದು ಹೊಡೆದುಹಾಕಿದೆ.

ವರದಿಯ ಮೇಲೆ ಬೀದರಿನಲ್ಲಿ ನಡೆದ ಸಭೆಗೆ ಮೇಡಂಗೆ ಬರಲಾಗಲಿಲ್ಲ. ಪ್ರಿನ್ಸಿಪಾಲರೂ ನಾನೂ ಹೋದೆವು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ವರದಿಯ ಮೊದಲೆರಡು ಪುಟಗಳನ್ನು ಎಲ್ಲರಿಗೂ ಕೇಳುವಂತೆ ಓದಿಸಿದರು. "ಕಣ್ಣಿಗಿ ಕಟ್ಟಿದಂಗ ಬರ್ದೀರಿ ಮಾಸ್ತರ್ರೇ," ಎಂದು ಅವರು ನನ್ನ ಕಡೆ ತಿರುಗಿದರು. "ಈ ಊರಿಗಿ ಬಸ್ ಯಾಕ ಹೋಗಂಗಿಲ್ಲ? ಮದಲ ಇದನ್ನ ಮಾಡ್ರಿ." ಬಸ್ಸಿಗೆ ಸಂಬಂಧಪಟ್ಟವರು ತಲೆಯಾಡಿಸಿ ಬರೆದುಕೊಂಡರು. ವರದಿಯನ್ನು ಮುಚ್ಚಿದರು. ಮೂರನೇ ಅಧ್ಯಾಯದ ಹಾಳೆಗಳನ್ನು ಯಾರೂ ತಿರುವಿಹಾಕಲಿಲ್ಲ. ನಾನು ಎದ್ದು ನಿಂತು, ಇನ್ನೊಂದು ಊರೂ ಇದೆ ಎನ್ನಬಹುದಿತ್ತು. ಹೊಗಳಿಸಿಕೊಂಡ ಬಿಸುಪಿನಲ್ಲಿ ಕೂತೇ ಇದ್ದೆ.

ಸ್ವಲ್ಪ ದಿನಕ್ಕೇ ಬೇವಿನ ಮರದ ಊರಿಗೆ ಬಸ್ಸು ಬಂತು. ಊರವರು ಬಸ್ಸಿಗೆ ಬಾಳೆಕಂಬ ಕಟ್ಟಿ, ಕಾಯಿ ಒಡೆದು, ನನಗೆ ಶಾಲು ಹೊದಿಸಿದರು. ಆ ಊರಿನ ಹುಡುಗಿಯರು ಕಿಟಕಿಯಿಂದ ಕೈಬೀಸುತ್ತ ಹೋದರು. ಅವರ ಸಂತೋಷ ಖರೇ. ಅದನ್ನು ಇವತ್ತಿಗೂ ನಾನು ಕಡಿಮೆ ಮಾಡಿ ಹೇಳಲಾರೆ.

ಮಾರನೆಯ ವಾರ ಹಳ್ಳದಾಚೆಯ ಹುಡುಗಿ ಕೆಲವು ದಿನ ಸತತವಾಗಿ ತರಗತಿಗೆ ಬರಲಿಲ್ಲ. ಬಂದ ದಿನ ಪಾಠ ಅರ್ಧ ಮುಗಿದಿತ್ತು. ಕಾಲಿಗೆಲ್ಲ ಎರೆಮಣ್ಣು ಹತ್ತಿತ್ತು. ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದು ನಿಂತಳು.

"ಸರ್, ನಮ್ಮ ಕ್ರಾಸಿಗಿ ಬಸ್ ಬರ್ಲತ್ತಿಲ್ರಿ ಈಗ."

"ಯಾಕವ್ವ?"

"ಅದೇ ಬಸ್ಸು ಈಗ ಆ ಕಡಿ ಸುತ್ತಾಕೊಂಡು ಹೋಗ್ತದಂತ್ರಿ. ಡ್ರೈವರ್ ಕೇಳ್ದ್ರ, ಮ್ಯಾಗಿಂದ ಆರ್ಡರ್ ಬಂದಾದ ಅಂದ." ಮತ್ತೆ ಕೇಳಿದಳು. "ರಿಪೋರ್ಟ್‌ದಾಗ ನಮ್ಮೂರು ಬರ್ದಿದ್ದಿಲ್ಲೇನ್ರಿ ಸರ್?"

"ಬರ್ದೀವಿ. ಒಳಗ ಅದ," ಎಂದೆ.

ಅವಳು ನಂಬಿದಳು. ಅದೇ ನನಗೆ ತಡೆಯಲಾಗಲಿಲ್ಲ. ಹೊಸ ಬಸ್ಸು ಯಾರಿಗೂ ಕೊಟ್ಟಿರಲಿಲ್ಲ. ಅವಳ ಊರಿಗೆ ಇದ್ದ ಒಂದೇ ಬಸ್ಸನ್ನು ಕಿತ್ತು ಆ ಕಡೆ ತಿರುಗಿಸಿದ್ದರು. ನಾವು ಅವಳ ಅಂಗಳದಲ್ಲಿ ಕೂತು ಚಹಾ ಕುಡಿಯದೇ ಹೋಗಿದ್ದರೆ, ಒಂದಕ್ಷರ ಬರೆಯದೇ ಇದ್ದಿದ್ದರೆ, ಅವಳಿಗೆ ಮುಂಜಾನೆಯ ಬಸ್ಸಾದರೂ ಉಳಿದಿರುತ್ತಿತ್ತು.

ಮೇಡಂ ರಜೆ ಮುಗಿಸಿ ಬಂದಾಗ ಎಲ್ಲ ಹೇಳಿದೆ. ಹೊಡೆದುಹಾಕಿದ ವಾಕ್ಯದ ಮಾತನ್ನೂ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ಬೈಯಲಿಲ್ಲ. "ನಾನೂ ಗಟ್ಟಿ ಹಿಡೀಬೇಕಿತ್ತು ಸರ್. ಅಮ್ಮಂದು ಚಿಂತಿ, ಬಿಟ್ಟುಬಿಟ್ಟೆ," ಎಂದರು. ನನ್ನ ಪಾಲಿನ ತಪ್ಪಿನಲ್ಲಿ ಅವರೂ ಒಂದು ತುತ್ತು ತೆಗೆದುಕೊಂಡದ್ದು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಇಬ್ಬರೂ ಸೇರಿ ಮತ್ತೊಂದು ಮನವಿ ಬರೆದೆವು. ಈ ಸಲ ಮರವಿಲ್ಲ, ಬಿಸಿಲಿಲ್ಲ. ಊರು ಎಲ್ಲಿದೆ, ಬಸ್ಸು ಎಲ್ಲಿ ನಿಲ್ಲುತ್ತಿತ್ತು, ಈಗ ಏನಾಗಿದೆ, ಏನು ಬೇಕು ಎಂದಷ್ಟೇ ಮೊದಲ ಪ್ಯಾರಾದಲ್ಲಿ ಬರೆದೆ. ಬೀದರಿಗೆ ಒಯ್ದು ಕೊಟ್ಟೆವು. ಅಲ್ಲಿಯವರು ಹಳೆಯ ವರದಿಯನ್ನು ನೆನಪಿಸಿಕೊಂಡು, "ಅದ್ರ ಮ್ಯಾಲ ಕ್ರಮ ಆಗೇದಲ್ರಿ, ಬಸ್ ಬಿಟ್ಟೀವಲ್ಲ," ಎಂದರು. ಇದು ಬೇರೆ ಊರು ಎಂದು ವಿವರಿಸಿದೆವು. ನೋಡೋಣ ಎಂದರು. ಮತ್ತೆ ಹೋದೆವು. ಮತ್ತೆ ನೋಡೋಣ ಎಂದರು. ಆ ಅಲೆದಾಟದಲ್ಲೇ ಆ ವರ್ಷದ ಪಾಠಗಳು ಮುಗಿದವು.

ಆ ಹುಡುಗಿ ಬಿಡಲಿಲ್ಲ. ಅಪ್ಪ ಸಾಧ್ಯವಾದ ದಿನ ಯಾರದೋ ಬೈಕಿನ ಮೇಲೆ ತಂದು ಬಿಡುತ್ತಿದ್ದರು, ಆಗದ ದಿನ ಅವಳು ನಡೆದು ಬರುತ್ತಿದ್ದಳು. ತಪ್ಪಿಸಿಕೊಂಡ ಪಾಠವನ್ನು ಮೇಡಂ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ಪರೀಕ್ಷೆ ಕಟ್ಟಿದಳು, ಪದವಿ ಪಾಸಾದಳು. ಈಗ ಬೀದರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಾಳೆ. ಒಮ್ಮೆ ನಾನು ಬಾಯಿಬಿಟ್ಟು, ಆವತ್ತು ಪೀಠಿಕೆಯಿಂದ ನಿಮ್ಮ ಊರನ್ನು ನಾನೇ ತೆಗೆದೆ ಎಂದು ಹೇಳಿದೆ. "ಇರ್ಲಿ ಬಿಡ್ರಿ ಸರ್, ನನಗೇನು ಆಗಿಲ್ಲಲ್ಲ," ಎಂದು ನಕ್ಕಳು.

ಅವಳಿಗೇನೂ ಆಗಿಲ್ಲ ಎಂದೇ ಇಟ್ಟುಕೊಳ್ಳೋಣ. ಅವಳ ಹಿಂದೆ ಪಿ.ಯು. ಮುಗಿಸಿದ ಅದೇ ಊರಿನ ಹುಡುಗಿಯರಿಬ್ಬರು ಆ ವರ್ಷ ಕಾಲೇಜಿಗೆ ಅರ್ಜಿಯನ್ನೇ ಹಾಕಲಿಲ್ಲ. ಮುಂಜಾನೆಯ ಬಸ್ಸನ್ನು ಕ್ರಾಸಿನಲ್ಲಿ ಮತ್ತೆ ನಿಲ್ಲಿಸುವ ಆದೇಶ ಬಂದದ್ದು ಅವರ ಪ್ರವೇಶದ ಕಾಲ ಕಳೆದ ಮೇಲೆ. ಸಂಜೆಯದು ಇನ್ನೂ ಆಗಿಲ್ಲ.

ಮೊನ್ನೆ ಔರಾದಿನ ಬಜಾರಿನಲ್ಲಿ ಹೊಲಿಗೆ ಅಂಗಡಿಯ ಎದುರು ಒಬ್ಬ ಹುಡುಗಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, "ನಮಸ್ಕಾರ್ರಿ ಸರ್," ಎಂದಳು. ಗುರುತು ಸಿಗಲಿಲ್ಲ. ತಾನು ಹಳ್ಳದಾಚೆಯ ಊರಿನವಳೆಂದು, ಪಿ.ಯು. ಮುಗಿಸಿ ಓದು ಬಿಟ್ಟು ಇಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಹೊಲಿಗೆ ಕಲಿಯುತ್ತಿದ್ದೇನೆಂದು ಹೇಳಿದಳು. ಆ ಇಬ್ಬರಲ್ಲಿ ಒಬ್ಬಳು ಎಂದು ತಿಳಿಯಿತು. "ನೀವು ನಮ್ಮೂರಿಗಿ ಬಂದಾಗ ನಾನೇ ನಿಮಗ ನೀರು ಕೊಟ್ಟಿದ್ದೆ, ಪಕ್ಕದ ಮನಿಯಾಕಿ," ಎಂದಳು. ನನಗೆ ನೆನಪಿರಲಿಲ್ಲ. ಹೌದವ್ವ ಎಂದೆ. ಈಗ ಕಾಲೇಜು ಸೇರಬಹುದಲ್ಲ, ಮುಂಜಾನೆ ಬಸ್ಸು ಬರುತ್ತದಲ್ಲ ಎಂದು ಕೇಳಿದೆ.

"ಈಗ ಮನ್ಯಾಗ ಒಲ್ಲಂತಾರ್ರಿ," ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿ, ಒಳಗಿನಿಂದ ಯಾರೋ ಕರೆದರೆಂದು ಅಂಗಡಿಯೊಳಗೆ ಹೋದಳು.