ಜಯಸಿಂಹರ ಪಿ.ಪಿ. ನಂಬರು

ಚೆಂಬೂರಿನ ನಮ್ಮ ಸೊಸೈಟಿಯಲ್ಲಿ ಹದಿನಾರು ಮನೆಗಳಿದ್ದವು, ಫೋನು ಒಂದೇ ಇತ್ತು. ಅದು ಎರಡನೇ ಮಹಡಿಯ ಜಯಸಿಂಹರದು. ಫೋನಿಗೆ ಅರ್ಜಿ ಹಾಕಿದವರು ಹತ್ತು ವರ್ಷ ಕಾಯುತ್ತಿದ್ದ ಕಾಲ. ಫೋನಿಲ್ಲದವರು ಊರಿನ ಬಂಧುಗಳಿಗೆ ನೆರೆಮನೆಯ ನಂಬರು ಕೊಟ್ಟು, ಅದರ ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದರು. ನಮ್ಮ ಹದಿನೈದು ಮನೆಗಳ ಸಾವು, ಹೆರಿಗೆ, ಮದುವೆ, ಎಲ್ಲವೂ ಜಯಸಿಂಹರ ಕಿವಿಯ ಮೂಲಕವೇ ಬರಬೇಕಾಗಿತ್ತು. ದೇವರಿಗೆ ಕೂಡ ಅಷ್ಟು ಸುದ್ದಿ ಗೊತ್ತಿರಲಿಲ್ಲವೇನೋ.

ಫೋನಿಗೆ ಅವರ ಹೆಂಡತಿ ಸುಮಿತ್ರಮ್ಮ ಕ್ರೋಷಾದ ಹೊದಿಕೆ ಹಾಕಿದ್ದರು. ಡಯಲಿಗೆ ಒಂದು ಪುಟ್ಟ ಬೀಗ. ಬೀಗದ ಕೀಲಿ ಜಯಸಿಂಹರ ಜನಿವಾರದಲ್ಲಿ. ಸ್ನಾನಕ್ಕೂ ಅದರೊಂದಿಗೇ ಹೋಗುತ್ತಿದ್ದರು. ನಾವೇನಾದರೂ ಅವರಿಲ್ಲದಾಗ ಬಂದು ಮೈಸೂರಿಗೆ ಟ್ರಂಕ್ ಕಾಲ್ ಮಾಡಿಬಿಟ್ಟೇವು ಎಂಬ ಭಯ.

ಬಲ್ಲಾರ್ಡ್ ಎಸ್ಟೇಟಿನ ಒಂದು ಖಾಸಗಿ ಕಂಪೆನಿಯಲ್ಲಿ ಅವರು ಹೆಡ್ ಕ್ಲರ್ಕ್. ಇಡೀ ಆಯುಷ್ಯ ಬೇರೆಯವರು ಬರೆದ ಕಾಗದ ತಿದ್ದುವುದರಲ್ಲೇ ಕಳೆದಿತ್ತು. ಆಫೀಸಿನಲ್ಲಿ ಮೇಲಿನವರು ಇವರ ಕರಡನ್ನು ಮತ್ತೆ ತಿದ್ದುತ್ತಿದ್ದರು ಎಂದು ನಾನು ಬಲ್ಲೆ. ಮನೆಯಲ್ಲಿ ತಿದ್ದುವವರು ಯಾರೂ ಇರಲಿಲ್ಲ. ಹಾಗಾಗಿ ಫೋನು ಬಂದರೆ ಅವರು ನಮ್ಮನ್ನು ಕರೆಯುತ್ತಿರಲಿಲ್ಲ. ಕರೆದರೆ ನಾವು ಮೇಲೆ ಹೋಗಬೇಕು, ಅವರ ಒರೆಸಿದ ನೆಲ ತುಳಿಯಬೇಕು. "ಮೆಸೇಜ್ ಹೇಳಿ, ತಿಳಿಸ್ತೀನಿ" ಎಂದು ತಾವೇ ಕೇಳಿಕೊಂಡು, ಅದನ್ನು ಆಫೀಸಿನ ಕನ್ನಡದಲ್ಲಿ ಕರಡು ಮಾಡಿ, ಚೀಟಿ ಬರೆದು, ಕೆಳಗೆ ಸಹಿ ಹಾಕಿ ಕಳಿಸುತ್ತಿದ್ದರು.

ಆ ಚೀಟಿಗಳ ಸೊಗಸು ನೋಡಬೇಕಿತ್ತು. ಮೂರನೇ ಮನೆಯ ಪರಪ್ಪನ ಮಗಳು ಹುಬ್ಬಳ್ಳಿಯಲ್ಲಿ ಹೆತ್ತಾಗ ಬಂದ ಚೀಟಿ: "ತಮ್ಮ ಪುತ್ರಿಯವರು ಗಂಡು ಶಿಶುವನ್ನು ಪಡೆದಿರುವ ಬಗ್ಗೆ ಮಾಹಿತಿ." ನನಗೆ ಪಂಕಜಾಳ ಜೊತೆ ಮದುವೆಯ ಮಾತುಕತೆ ನಡೆದಾಗ ಅವಳ ತಂದೆ ಮೈಸೂರಿನಿಂದ ಏನು ಕೂಗಿದರೋ ಕಾಣೆ, ನನ್ನ ಕೈಗೆ ಬಂದದ್ದು, "ಸಂಬಂಧದ ಪ್ರಸ್ತಾವವನ್ನು ತಾತ್ವಿಕವಾಗಿ ಒಪ್ಪಲಾಗಿದೆ." ನಾನು ಆ ಚೀಟಿಯನ್ನು ಬಹಳ ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಇವತ್ತು ನೆನೆದರೆ ನನ್ನ ಬಗ್ಗೆಯೇ ಹೇಸಿಗೆಯಾಗುತ್ತದೆ. ಅದರ ಕಾರಣ ಮುಂದೆ ಹೇಳುತ್ತೇನೆ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ರಾಜೀವಿ ಇದ್ದಳು. ಅವಳ ಗಂಡ ಅಂಗಾರ ನಮ್ಮ ವಾಚ್‌ಮನ್ ಆಗಿದ್ದವನು, ಕಾಮಾಲೆಯಾಗಿ ತೀರಿಕೊಂಡ. ಮೆಟ್ಟಿಲು ತೊಳೆದುಕೊಂಡು ಕೋಣೆಯಲ್ಲಿರಲಿ ಎಂದು ಸೊಸೈಟಿ ಬಿಟ್ಟಿತ್ತು. ಸೊಸೈಟಿ ಎಂದರೆ ಸೆಕ್ರೆಟರಿ ಜಯಸಿಂಹರು. ಬೆಳಿಗ್ಗೆ ಮೆಟ್ಟಿಲು, ಹಗಲು ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ. ಮಗಳು ಮೋಹಿನಿ ಆ ವರ್ಷ ಹತ್ತನೆಯದು ಪಾಸಾಗಿದ್ದಳು. ಅವಳನ್ನು ನರ್ಸ್ ಮಾಡಬೇಕು, ತಾನು ಬಕೆಟ್ ಹಿಡಿದು ಓಡಾಡಿದ ಜಾಗದಲ್ಲಿ ಮಗಳು ಬಿಳಿ ಟೋಪಿ ಹಾಕಿ ಓಡಾಡಬೇಕು ಎಂದು ರಾಜೀವಿ ಮೂರು ಸಾವಿರ ಕೂಡಿಟ್ಟಿದ್ದಳು. ಅವಳ ತಮ್ಮ ದೂಜ ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ವಾರಕ್ಕೊಮ್ಮೆ, ರಜೆಯ ದಿನ, ಅಕ್ಕನ ಮನೆಗೆ ಮೀನು ಹಿಡಿದುಕೊಂಡು ಬರುತ್ತಿದ್ದ. ಆ ವಾಸನೆಗೆ ಜಯಸಿಂಹರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಎಂಬತ್ತಾರನೇ ಇಸವಿಯ ಒಂದು ಶನಿವಾರ ಮಧ್ಯಾಹ್ನ. ಪಂಕಜಾಳ ಮನೆಯಿಂದ ಟ್ರಂಕ್ ಕಾಲ್ ಬರುವುದಿತ್ತು. ವರನೇ ಮಾತಾಡಬೇಕೆಂದು ಅವರು ಹಟ ಹಿಡಿದಿದ್ದರಿಂದ ನನಗೆ ವಿಶೇಷ ಅನುಮತಿ ಸಿಕ್ಕಿ, ಜಯಸಿಂಹರ ಫೋನಿನ ಪಕ್ಕದ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದೆ. ಫೋನು ಬಂತು. ನನ್ನದಲ್ಲ. ಜಯಸಿಂಹರು ಹೇಳಿದ್ದಷ್ಟೇ ನನಗೆ ಕೇಳಿಸಿತು, ಅದು ಒಂದಕ್ಷರ ಬಿಡದೆ ನೆನಪಿದೆ.

"ಕೌನ್? ಕಿಸ್ಕಾ ಭಾಯಿ? ನೀಚೇವಾಲಿ ಬಾಯಿ ಕಾ? ರಾಜೀವಿ ಕಾ? ದೂಜಾ ಹೈ ಕ್ಯಾ, ಘಾಟ್ಕೋಪರ್ ಹೋಟೆಲ್‌ವಾಲಾ? ಹಾಂ, ಬೋಲೋ."

ಅಷ್ಟೇ. ಆ ಕಡೆಯವನು ಒಂದು ಹೆಸರನ್ನೂ ಹೇಳಬೇಕಾಗಿ ಬರಲಿಲ್ಲ. ಕೆಳಗಿನ ಹೆಂಗಸಿನ ತಮ್ಮನಾ, ರಾಜೀವಿಯದಾ, ದೂಜನಾ ಎಂದು ಇವರೇ ಒಂದೊಂದಾಗಿ ಎತ್ತಿ ಕೊಟ್ಟರು, ಅವನು ಹೌದು ಹೌದು ಎಂದಿರಬೇಕು. ಇಂಥ ಕಳ್ಳರು ಸುಮ್ಮನೆ ಹತ್ತು ನಂಬರು ತಿರುಗಿಸುತ್ತಾರೆ. ಹತ್ತರಲ್ಲಿ ಒಂದು ಕಡೆ ಒಬ್ಬ ಜಯಸಿಂಹ ಸಿಗುತ್ತಾನೆ.

ಚೀಟಿ ತಯಾರಾಯಿತು. "ತಮ್ಮ ಸಹೋದರ ಶ್ರೀ ದೂಜ ಅವರು ಕಲ್ಯಾಣದ ಬಳಿ ಲೋಕಲ್‌ನಿಂದ ಬಿದ್ದು ಕಾಲಿನ ಮೂಳೆ ಮುರಿದಿದ್ದು, ಶಸ್ತ್ರಚಿಕಿತ್ಸೆಗೆ ರೂ. ೩೦೦೦ ತುರ್ತಾಗಿ ಬೇಕಾಗಿದೆ. ಸಂಜೆ ಐದಕ್ಕೆ ಚೆಂಬೂರು ಸ್ಟೇಷನ್ನಿನ ಟಿಕೆಟ್ ಕಿಟಕಿಯ ಬಳಿ ಆಸ್ಪತ್ರೆಯ ನೌಕರರು ಬರಲಿದ್ದಾರೆ."

ರಾಜೀವಿ ಮಗಳ ಕೈಲಿ ಓದಿಸಿಕೊಂಡು, ಚೀಟಿ ಹಿಡಿದು ಮೇಲೆ ಓಡಿ ಬಂದಳು. ಹೊಸ್ತಿಲ ಹೊರಗೇ ನಿಂತಳು. "ಸಾರ್, ಅವ ತುಳುವಲ್ಲಿ ಮಾತಾಡಿದ್ನಾ?"

"ನಂಗೆ ತುಳು ಬರುತ್ತೇನಮ್ಮಾ? ಹಿಂದೀಲಿ ಹೇಳಿದ. ನಾನು ಕನ್ನಡಕ್ಕೆ ತಂದಿದೀನಿ."

"ಅವನಿಗೆ ಕನ್ನಡ ಬರ್ತದೆ ಸಾರ್. ನಿಮ್ಮ ಹತ್ರ ಕನ್ನಡದಲ್ಲೇ ಮಾತಾಡುದು ಅವ."

"ಮೂಳೆ ಮುರಿದೋನು ಭಾಷೆ ಆರಿಸ್ಕೊಂಡು ಮಾತಾಡ್ತಾನಾ?"

"ಅವನ ಹೋಟ್ಲಿಗೆ ಒಂದು ಫೋನ್ ಮಾಡಿ ಕೇಳುದಾ ಸಾರ್? ನಂಬರ್ ನಂಗೆ ಬಾಯಿಪಾಠ ಉಂಟು."

ಜಯಸಿಂಹರ ಮುಖ ಕೆಂಪಾಯಿತು, ನನ್ನ ಕಡೆ ತಿರುಗಿದರು. "ಕಿಟ್ಟು, ಕೇಳಿದ್ಯೇನಯ್ಯಾ? ಮೂವತ್ತೆರಡು ವರ್ಷ ಸರ್ವೀಸಾಗಿದೆ ನಂಗೆ. ಇವತ್ತಿನವರೆಗೆ ನನ್ನ ಕಾಗದಾನ ಯಾರೂ ಅನುಮಾನಿಸಿಲ್ಲ." ನಾನು ನಕ್ಕೆ. ನನ್ನ ಕಾಲ್ ಇನ್ನೂ ಬಂದಿರಲಿಲ್ಲ, ನಕ್ಕೆ.

ಡಯಲಿನ ಬೀಗ ಹಾಗೇ ಉಳಿಯಿತು, ಘಾಟ್ಕೋಪರಿಗೆ ಹೋಗಿ ನೋಡಿ ಬರಲು ಹೊತ್ತಿರಲಿಲ್ಲ. ರಾಜೀವಿ ಮೂರು ಸಾವಿರವನ್ನು ಟಿಕೆಟ್ ಕಿಟಕಿಯ ಬಳಿ ಒಬ್ಬ ಖಾಕಿ ಅಂಗಿಯವನ ಕೈಯಲ್ಲಿಟ್ಟಳು. ಅವನು ಆಸ್ಪತ್ರೆ ಕಲ್ಯಾಣ್ ಸ್ಟೇಷನ್ನಿನ ಎದುರಿಗೇ ಇದೆ, ಬಟ್ಟೆ ತೆಗೆದುಕೊಂಡು ಬಾ ಎಂದ. ಅವಳು ಮೋಹಿನಿಯನ್ನು ಕರೆದುಕೊಂಡು ಕುರ್ಲಾದಲ್ಲಿ ಗಾಡಿ ಬದಲಿಸಿ ಹೋದಳು. ಸ್ಟೇಷನ್ನಿನ ಎದುರು ಬಾಳೆಹಣ್ಣು ಮಾರುವವರಷ್ಟೇ ಇದ್ದರು. ಊರಲ್ಲಿದ್ದ ಆಸ್ಪತ್ರೆಗಳನ್ನೆಲ್ಲ ಸುತ್ತಿ, ಬೆಳಗಾದ ಮೇಲೆ ಘಾಟ್ಕೋಪರಿಗೆ ಬಂದು ನೋಡಿದರೆ, ದೂಜ ಎರಡೂ ಕಾಲ ಮೇಲೆ ನಿಂತು ದೋಸೆ ಹುಯ್ಯುತ್ತಿದ್ದ. ಅವಳು ಅಲ್ಲೇ ಗಿರಾಕಿಗಳ ನಡುವೆ ಕೂತು ಅತ್ತಳಂತೆ. ದುಡ್ಡು ಹೋದದ್ದಕ್ಕಲ್ಲ, ತಮ್ಮ ಇದ್ದದ್ದಕ್ಕೆ.

ಇಲ್ಲಿಗೆ ಮುಗಿದಿದ್ದರೆ ಹೋದದ್ದು ದುಡ್ಡು ಮಾತ್ರ ಎನ್ನಬಹುದಿತ್ತು. ಆದರೆ ಜಯಸಿಂಹರಿಗೆ ತಮ್ಮ ಚೀಟಿ ಸುಳ್ಳಾದದ್ದನ್ನು ಅರಗಿಸಿಕೊಳ್ಳಲು ಆಗಲಿಲ್ಲ. ಭಾನುವಾರ ಸಂಜೆ ಕಾಂಪೌಂಡಿನಲ್ಲಿ ಎಲ್ಲರನ್ನೂ ಸೇರಿಸಿ ವಿಚಾರಣೆ ನಡೆಸಿದರು.

"ನೋಡಮ್ಮಾ ರಾಜೀವಿ. ಹೊರಗಿನೋನಿಗೆ ದೂಜ ಅನ್ನೋ ಹೆಸರು ಹೇಗೆ ಗೊತ್ತಾಗುತ್ತೆ? ಘಾಟ್ಕೋಪರ್ ಹೋಟೆಲ್ ಅಂತ ಹೇಗೆ ಗೊತ್ತಾಗುತ್ತೆ? ನಿನ್ನ ಹತ್ರ ಸರಿಯಾಗಿ ಮೂರು ಸಾವಿರ ಇದೆ ಅಂತ ಹೇಗೆ ಗೊತ್ತಾಗುತ್ತೆ? ಹೋದ ತಿಂಗಳು ನಿನ್ನ ತಮ್ಮ ಚಾ ಅಂಗಡಿ ಇಡೋಕೆ ದುಡ್ಡು ಕೇಳಿದ್ದ, ನೀನು ಕೊಡಲಿಲ್ಲ. ನೀನೇ ಸುಮಿತ್ರಾ ಹತ್ರ ಹೇಳ್ಕೊಂಡಿದ್ದೆ. ನಾನು ಹೆಚ್ಚು ಹೇಳೋಲ್ಲ."

ಹೆಚ್ಚು ಹೇಳುವ ಅಗತ್ಯವೂ ಇರಲಿಲ್ಲ. ಕಟ್ಟಡಕ್ಕೆ ಕಟ್ಟಡವೇ ತಲೆಯಾಡಿಸಿತು. ನನಗೆ ಆಗ ಹೊಳೆಯಿತು. ಹೆಸರು ಕೊಟ್ಟದ್ದು ಇವರು, ಹೋಟೆಲು ಕೊಟ್ಟದ್ದು ಇವರು. ಮೊತ್ತ ಎಂದರೆ, ಅಂಥವರು ಕೇಳುವುದೇ ಎರಡೋ ಮೂರೋ ಸಾವಿರ. ನನ್ನ ನಾಲಿಗೆಯ ತುದಿಗೆ ಬಂತು. ಆದರೆ ನಿಶ್ಚಿತಾರ್ಥ ಇನ್ನೂ ಆಗಿರಲಿಲ್ಲ, ಪಂಕಜಾಳ ತಂದೆಯ ಬಳಿ ಇದ್ದದ್ದು ಜಯಸಿಂಹರ ನಂಬರು. ನಾನು ನುಂಗಿಕೊಂಡೆ. ಒಬ್ಬ ಬಡ ಹೆಂಗಸಿನ ಒಡಹುಟ್ಟಿದವನನ್ನು ಕಳ್ಳನೆಂದು ಕರೆಯುವಾಗ ನಾನು ನನ್ನ ಮದುವೆಯ ಲೆಕ್ಕ ಹಾಕುತ್ತ ನಿಂತಿದ್ದೆ. ಜಯಸಿಂಹರನ್ನು ಬೈಯುವ ಹಕ್ಕು ನನಗೆ ಅರ್ಧ ಮಾತ್ರ ಇದೆ.

ಮುಂದಿನ ವಾರ ದೂಜ ಮೀನು ಹಿಡಿದುಕೊಂಡು ಬಂದಾಗ ರಾಜೀವಿ ಬಾಗಿಲು ತೆಗೆಯಲಿಲ್ಲ. ಅವನು ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಚೀಲವನ್ನು ಚಿಲಕಕ್ಕೆ ನೇತುಹಾಕಿ ಹೋದ. ಮತ್ತೆ ಬರಲಿಲ್ಲ. ಮೋಹಿನಿಯ ನರ್ಸಿಂಗ್ ನಿಂತುಹೋಯಿತು, ಅವಳು ಬಿಂದಿ ಪ್ಯಾಕ್ ಮಾಡುವ ಕಾರ್ಖಾನೆಗೆ ಸೇರಿದಳು. ಜಯಸಿಂಹರು ನೋಟಿಸ್ ಬೋರ್ಡಿನಲ್ಲಿ ಬರೆದು ಹಚ್ಚಿದರು: "ಬಂಧುಗಳ ಹೆಸರಿನಲ್ಲಿ ಬರುವ ಕರೆಗಳ ಬಗ್ಗೆ ಸದಸ್ಯರು ಜಾಗರೂಕರಾಗಿರತಕ್ಕದ್ದು." ಮೆಟ್ಟಿಲು ತೊಳೆಯುವಾಗ ರಾಜೀವಿ ದಿನವೂ ಆ ಬೋರ್ಡನ್ನೂ ಒರೆಸುತ್ತಿದ್ದಳು.

ಮೂರು ವರ್ಷ ಹೀಗೇ ನಡೆಯಿತು. ಘಾಟ್ಕೋಪರ್ ಎಷ್ಟು ದೂರ, ಒಂದು ಬಸ್ಸು. ಅಕ್ಕ ಆ ಬಸ್ಸು ಹತ್ತಲಿಲ್ಲ. ಜಯಸಿಂಹರು ಮಾತ್ರ ಈ ಕಥೆಯನ್ನು ಸಿಕ್ಕಸಿಕ್ಕಲ್ಲಿ ಹೇಳಿದರು. ಆಫೀಸಿನಲ್ಲಿ ಹೇಳಿದರು, ಲೋಕಲ್‌ನಲ್ಲಿ ಹೇಳಿದರು, ನಿವೃತ್ತಿಯ ಸಭೆಯಲ್ಲಿ ಹೇಳಿದರು. ಓದುಬರಹ ಇಲ್ಲದವರು ಹೇಗೆ ಸ್ವಂತದವರಿಂದಲೇ ಮೋಸಹೋಗುತ್ತಾರೆ ಎಂಬುದು ಅದರ ನೀತಿ. ಪ್ರತಿ ಸಲವೂ ಕಥೆಯಲ್ಲಿ ಅವರ ಪಾತ್ರ ಒಂದಿಷ್ಟು ದಪ್ಪಗಾಗುತ್ತಿತ್ತು.

ಎಂಬತ್ತೊಂಬತ್ತರಲ್ಲಿ ಅವರ ಅರವತ್ತರ ಶಾಂತಿ. ಹೋಮ ಮನೆಯಲ್ಲೇ. ಜಯಸಿಂಹರು ಹೊಸ ಪಂಚೆ ಉಟ್ಟು, ಬರಿಮೈಯಲ್ಲಿ, ಹಾರದ ಸಮೇತ ಕೂತಿದ್ದರು. ಜನಿವಾರ ಹೊಸದು, ಕೀಲಿ ಹಳೆಯದು. ನಾನು, ಪಂಕಜಾ, ವಿಲೆ ಪಾರ್ಲೆಯಿಂದ ಬಂದ ಅವರ ಷಡ್ಡಕ ತಿರುಮಲೇಶ, ಇನ್ನೊಂದಿಷ್ಟು ಜನ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದೆವು. ಉಂಡ ಎಲೆ ಎತ್ತಲು ರಾಜೀವಿ ಬಂದಿದ್ದಳು. ಅವಳು ಇದ್ದಾಳೆಂಬುದು ಜಯಸಿಂಹರಿಗೆ ಯಾವತ್ತೂ ಗಮನಕ್ಕೆ ಬರುತ್ತಿರಲಿಲ್ಲ. ಕಥೆ ಶುರುವಾಯಿತು.

"ನಾನು ಸುಲಭಕ್ಕೆ ನಂಬೋನಲ್ಲ ತಿರುಮಲೇಶ. ಭಾಯಿ ಮಾತಾಡ್ತಿದೀನಿ ಅಂದ, ಅಷ್ಟೇ. ನಾನು ಬಿಡ್ತೀನಾ? ಅಡ್ಡ ಪ್ರಶ್ನೆ ಹಾಕ್ದೆ. ಯಾರ ಭಾಯಿ, ರಾಜೀವೀದಾ ಅಂದೆ. ಹೌದು ಅಂದ. ದೂಜನಾ ಅಂದೆ. ಹೌದು ಅಂದ. ಘಾಟ್ಕೋಪರ್ ಹೋಟೆಲ್ಲಾ ಅಂದೆ. ಅದಕ್ಕೂ ಹೌದು ಅಂದ. ಇನ್ನೇನಯ್ಯಾ ಪುರಾವೆ ಬೇಕು?"

ಎಲೆಗಳ ರಾಶಿ ಹಿಡಿದ ರಾಜೀವಿ ನಿಂತಳು. ರಾಶಿಯನ್ನು ನಡುಮನೆಯ ಒರೆಸಿದ ನೆಲದ ಮೇಲೆ ಇಟ್ಟಳು.

"ಸಾರ್, ಹೆಸರು ಮೊದಲು ಹೇಳಿದ್ದು ನೀವಾ?"

"ಯಾರು ಹೇಳಿದ್ರೇನು, ಅವನು ಹೌದು ಅಂದ್ನಲ್ಲ."

ಅವಳು ನನ್ನ ಕಡೆ ತಿರುಗಿದಳು. "ಕಿಟ್ಟಣ್ಣ, ಆವತ್ತು ನೀವು ಆ ಕುರ್ಚಿಯಲ್ಲಿ ಕೂತಿದ್ರಲ್ಲ. ಹೆಸರು ಯಾರು ಹೇಳಿದ್ದು?"

ಪಂಕಜಾ ನನ್ನ ಮುಖ ನೋಡಿದಳು. ನನ್ನ ಬಾಯಲ್ಲಿ ಎಲೆ ಅಡಿಕೆ ತುಂಬಿತ್ತು. ಅದನ್ನೂ ನುಂಗಿದೆ. "ಇವರೇ ಹೇಳಿದ್ದು. ಹೋಟೆಲನ್ನೂ ಇವರೇ ಹೇಳಿದ್ದು. ನಂಗೆ ವಿಚಾರಣೆ ದಿನವೇ ಗೊತ್ತಿತ್ತು ರಾಜೀವಿ."

ಅವಳು ಬೈದಿದ್ದರೆ ನನಗೆ ಇವತ್ತಿಗೂ ಇಷ್ಟು ಚುಚ್ಚುತ್ತಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನಿನ ಬಳಿಗೆ ಹೋದಳು, ಕ್ರೋಷಾದ ಹೊದಿಕೆ ತೆಗೆದಳು.

"ಕೀಲಿ ಕೊಡಿ ಸಾರ್."

ಜಯಸಿಂಹರು ಹೆಂಡತಿಯ ಕಡೆ ನೋಡಿದರು. ಸುಮಿತ್ರಮ್ಮ ಮೆಲ್ಲಗೆ, "ಕೊಡ್ರೀ" ಎಂದರು. ಕೀಲಿ ಜನಿವಾರದಲ್ಲಿತ್ತು. ಬಿಚ್ಚಲು ಹೋದರೆ ಹೊಸ ದಾರದ ಗಂಟು ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಎದ್ದು ಬಂದು, ರಾಜೀವಿಯ ಮುಂದೆ ಹಾರದ ಸಮೇತ ಸೊಂಟ ಬಗ್ಗಿಸಿ, ತಾವೇ ಬೀಗ ತೆಗೆಯಬೇಕಾಯಿತು. ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಅವರು ಮಾಡಿದ ಉಪಯುಕ್ತ ಕೆಲಸ ಅದೊಂದೇ ಎಂದು ನನ್ನ ಅಭಿಪ್ರಾಯ.

ನಂಬರು ಅವಳಿಗೆ ಮರೆತಿರಲಿಲ್ಲ. ಆ ಕಡೆ ಯಾರೋ ಎತ್ತಿದರು, ಯಾರನ್ನೋ ಕರೆಯಲು ಹೋದರು. ನಾವೆಲ್ಲ ಕಾದೆವು. ಆಮೇಲೆ ಅವಳು ತುಳುವಿನಲ್ಲಿ ಹೇಳಿದಳು.

"ದೂಜಾ, ಯಾನ್ ಅಕ್ಕ. ತಪ್ಪು ಎನ್ನ."

ನನಗೆ ತುಳು ಬರುವುದಿಲ್ಲ, ಅದಕ್ಕೆ ತುಳು ಬರಬೇಕಾಗಿಯೂ ಇರಲಿಲ್ಲ. ತಪ್ಪು ಅವಳದಲ್ಲ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಕಡೆ ಒಬ್ಬ ಗಂಡಸು ಗಟ್ಟಿಯಾಗಿ, ತಡೆಯಿಲ್ಲದೆ ಮಾತಾಡತೊಡಗಿದ. ರಾಜೀವಿ ರಿಸೀವರನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಅಳುತ್ತ, ಕೇಳುತ್ತ ನಿಂತಿದ್ದಳು.

ಜಯಸಿಂಹರು ಪಕ್ಕದಲ್ಲೇ ಇದ್ದರು. ಅಭ್ಯಾಸಬಲ, ಅವರ ಕೈ ಆಗಲೇ ಚೀಟಿಯ ಪ್ಯಾಡು, ಪೆನ್ಸಿಲು ಹಿಡಿದಿತ್ತು.

"ಏನಂತೆ?" ಎಂದು ಕೇಳಿದರು.

ರಾಜೀವಿ ರಿಸೀವರಿನ ಬಾಯಿಗೆ ಕೈ ಮುಚ್ಚಿ ಅವರನ್ನು ನೋಡಿದಳು. "ನಿಮಗಲ್ಲ ಸಾರ್, ಫೋನು ನಂಗೆ" ಎಂದಳು.