ಬಿಟ್ಟಿಯಲ್ಲ, ಮುಯ್ಯಾಳು

ಮೇಡಂ ಅವರ ಎಡಗಾಲಿನ ಚಪ್ಪಲಿಯ ಪಟ್ಟಿಗೆ ಯಾವಾಗಲೂ ಒಂದು ಸೇಫ್ಟಿ ಪಿನ್ನು ಇರುತ್ತಿತ್ತು. ಹೊಸದು ತಗೊಳ್ಳಿ ಅಂದರೆ, "ನಡೆಯುತ್ತಲ್ಲೇ, ಸುಮ್ನಿರು" ಎನ್ನುತ್ತಿದ್ದರು. ದೊಡ್ಡ ಅರ್ಥಶಾಸ್ತ್ರಜ್ಞೆ, ದೇಶದೇಶಗಳ ವ್ಯಾಪಾರದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಆದರೆ ಅವರಿಗೆ ಹುಚ್ಚು ಹಿಡಿಸಿದ್ದು ನಮ್ಮ ಕೋಲಾರದ ಹಳ್ಳಿಗಳು ದುಡ್ಡಿಲ್ಲದೆಯೂ ಹೇಗೆ ಬದುಕು ಸಾಗಿಸುತ್ತವೆ ಎಂಬ ಪ್ರಶ್ನೆ. ನಾನು ವಕ್ಕಲೇರಿಯ ರೈತರ ಮನೆಯವಳು, ಆಗಷ್ಟೇ ಎಂ.ಎ. ಮುಗಿಸಿದ ಜಂಬ ಬೇರೆ. ಅವರ ಸಹಾಯಕಿಯಾಗಿದ್ದೆ.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಆ ಊರಿಗೇ ಹೋಗಿ ಓದಿ ಹೇಳುವುದು ಅವರ ಪದ್ಧತಿ. "ಅವರ ಬದುಕು ಕಣೇ, ಅವರು ಒಪ್ಪಬೇಕು." ಹಾಗೆ ಲಕ್ಕೂರಿನ ಅಧ್ಯಾಯವನ್ನು ಹಾಲಿನ ಡೇರಿ ಮುಂದೆ ಓದುತ್ತಿದ್ದಾಗ ಒಬ್ಬ ಅಜ್ಜಿ ಎದ್ದು ನಿಂತಳು.

"ಏನಂದೆ ತಾಯೀ? ರಾಗಿ ಹೊಲಕ್ಕೆ ಬಿಟ್ಟಿ ಆಳಾ? ಇವತ್ತು ಅವ್ಳು ನನ್ ಹೊಲಕ್ಕೆ ಬಂದ್ರೆ ನಾಳೆ ನಾನು ಅವ್ಳ ಹೊಲಕ್ಕೆ ಹೋಗ್ತೀನಿ. ಅದು ಮುಯ್ಯಾಳು! ಬಿಟ್ಟಿ ಅಂತ ಬರೆದ್ರೆ ನಮ್ ಮಾನ ಏನಾಗ್ಬೇಕು?"

ಆ ಊರಿನ ಹೆಂಗಸರು ಹೇಳಿದ್ದನ್ನು 'ಬಿಟ್ಟಿ' ಎಂದು ಬರೆದುಕೊಟ್ಟವಳು ನಾನೇ. ಮೇಡಂ ನನ್ನತ್ತ ತಿರುಗಿಯೂ ನೋಡಲಿಲ್ಲ. "ತಪ್ಪು ನಂದೇ ಅಮ್ಮಾ" ಎಂದು ಕೈಮುಗಿದು ಅಷ್ಟೂ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಎರಡು ವರ್ಷದ ಕೆಲಸ ಅದು.

ಬಸ್ಸಿನಲ್ಲಿ ಕೇಳಿದರು. "ಆ ಮಾತು ನಿಂಗೆ ಗೊತ್ತಿರ್ಲಿಲ್ವೇನೇ?"

"ಗೊತ್ತಿತ್ತು ಮೇಡಂ. ನಮ್ಮಮ್ಮನೂ ಮುಯ್ಯಾಳು ಹೋಗ್ತಾರೆ. ಹಳ್ಳಿ ಮಾತು, ಬರೆಯೋಕೆ ನಾಚ್ಕೆ ಆಯ್ತು."

"ಅಯ್ಯೋ ಪೆದ್ದಿ! ಆ ಮಾತಿಗೇ ತಾನೆ ನಿನ್ನ ಕರ್ಕೊಂಡು ಬಂದಿದ್ದು? ನಿನ್ನ ಎಂ.ಎ. ಕಟ್ಕೊಂಡು ನಾನೇನ್ ಮಾಡ್ಲಿ?" ಬೈದು, ಚೀಲದಿಂದ ಕಡಲೆಕಾಯಿ ತೆಗೆದು ನನ್ನ ಕೈಗೆ ಸುರಿದರು.

ಅಧ್ಯಾಯವನ್ನು ಮೊದಲಿನಿಂದ ಬರೆದರು. ಪುಸ್ತಕ ಅಚ್ಚಾಗುವವರೆಗೆ ಕ್ಯಾನ್ಸರ್ ಕಾಯಲಿಲ್ಲ. ಈಗಲೂ ಯಾವುದಾದರೂ ಹಳ್ಳಿಯ ಮಾತು ಹೊಸದಾಗಿ ಕಿವಿಗೆ ಬಿದ್ದರೆ ಅವರಿಗೆ ಫೋನ್ ಮಾಡೋಣ ಎಂದು ಕೈ ಹೋಗುತ್ತದೆ. ಆಮೇಲೆ ನೆನಪಾಗಿ ಸಂಕಟವಾಗುತ್ತದೆ.

ಪದ್ಧತಿ ತಪ್ಪಬಾರದೆಂದು ತಿದ್ದಿದ ಅಧ್ಯಾಯವನ್ನು ನಾನೇ ಲಕ್ಕೂರಿನಲ್ಲಿ ಓದಿದೆ. "ಈಗ ಸರಿ ಐತೆ" ಎಂದಳು ಅಜ್ಜಿ. ಮೇಡಂ ತೀರಿಕೊಂಡದ್ದನ್ನು ಹೇಳಿದೆ. ಅಜ್ಜಿ ಅಂದಳು: "ನಾನು ಅಷ್ಟು ಬೈದಿದ್ನಾ, ಮುಂದಿನ ವಾರ ಆಯಮ್ಮ ಒಬ್ಳೇ ಬಂದು ದಿನಪೂರ್ತಿ ನನ್ ಹೊಲದಲ್ಲಿ ಕಳೆ ಕಿತ್ಲು. ಆ ಮುಯ್ಯಿ ತೀರಿಸ್ದೆ ಹಂಗೇ ಉಳ್ಕೊಂಡೈತೆ."

ಮೇಡಂ ಇದನ್ನು ನನಗೆ ಹೇಳಿಯೇ ಇರಲಿಲ್ಲ. "ಅವರಿಗೆ ಹೊಲ ಇರ್ಲಿಲ್ಲ ಅಜ್ಜಿ" ಎಂದೆ.

"ನಿಂಗೈತಂತಲ್ಲ, ಆಯಮ್ಮನೇ ಹೇಳಿದ್ಲು. ನೀನು ಅವ್ಳ ಮನೆಯೋಳಲ್ವಾ? ಕಳೆ ಯಾವತ್ತು ತೆಗೀತೀರಿ ಹೇಳು, ಬರ್ತೀನಿ."