ರೂತ್ ಬರೆದು ತಂದ ಹಾಡು

ಬಸ್ಸಿನಲ್ಲಿ ಯಾರದಾದರೂ ಮೊಬೈಲಿನಿಂದ ಹೊಸ ಹಾಡು ಕೇಳಿಬಂದರೆ ಸಾಕು, ನನ್ನ ಕೈ ತಾನಾಗಿ ಚೀಲದಲ್ಲಿ ಕೆಂಪು ಪೆನ್ನಿಗಾಗಿ ತಡಕಾಡುತ್ತದೆ. ನಗಬೇಡಿ. ಯೆರವಡಾದ ನಮ್ಮ ಕನ್ನಡ ಚರ್ಚಿನಲ್ಲಿ ದೊಡ್ಡ ಮಕ್ಕಳ ಸಂಡೇ ಸ್ಕೂಲ್ ನಡೆಸುವವಳ ಚಟ ಇದು.

ಮಕ್ಕಳು ತಮಗಿಷ್ಟವಾದ ಸಿನಿಮಾ ಹಾಡನ್ನೋ ಕವಿತೆಯನ್ನೋ ಬರೆದು ತರಬೇಕು. ಬೈಬಲ್ ಅದಕ್ಕೆ ಏನನ್ನುತ್ತದೆಂದು ಎಲ್ಲರೂ ಕೂಡಿ ನೋಡಬೇಕು. ಕೇಳಲಿಕ್ಕೆ ಚೆಂದ. ನಡೆಯುತ್ತಿದ್ದದ್ದೇ ಬೇರೆ. ನಾನು ಒಂದು ಸಾಲು ಓದಿ "ಸರಿಯೋ ತಪ್ಪೋ?" ಎನ್ನುತ್ತಿದ್ದೆ, ಮಕ್ಕಳು "ತಪ್ಪು!" ಎಂದು ಕೂಗುತ್ತಿದ್ದರು, ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಪ್ರೇಮಗೀತೆ ಒಂದೂ ಪಾಸಾಗುತ್ತಿರಲಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುವಾಗ ನಾನು ಗುನುಗುತ್ತಿದ್ದದ್ದು ಅವನ್ನೇ, ಆ ಮಾತು ಬಿಡಿ.

ನಾಲ್ಕು ವರ್ಷದ ಹಿಂದೆ ಹದಿನಾರರ ಹುಡುಗಿ ರೂತ್ ಒಂದು ಹಾಳೆ ತಂದಳು. ಅವಳ ಅಪ್ಪ ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದ್ದರು. ವಾರವಾರವೂ ಅವರಿಗಾಗಿ ಪ್ರಾರ್ಥಿಸುತ್ತಿದ್ದವಳು ನಾನೇ. ಆದರೂ ನನಗೆ ಹೊಳೆಯಲಿಲ್ಲ, ನೋಡಿ. "ಬಾಗಲಾ ಬಡದು ಬಡದು ಕೈ ಬಾತಾವು ದೇವರ, ಒಳಗ ಅದೀಯೋ ಇಲ್ಲೋ?" ಎಂದು ಓದಿದೆ. "ತಪ್ಪು!" ಎಂದಿತು ತರಗತಿ. ಗೆರೆ ಎಳೆದೆ.

ರೂತ್ ಹಾಳೆ ಇಸಿದುಕೊಂಡು ಮಡಚಿದಳು. "ಇದು ಸಿನಿಮಾದ್ದಲ್ರಿ ಟೀಚರ್. ನಾನ ಬರದದ್ದು."

ಮೂರು ಭಾನುವಾರ ಅವಳು ಬರಲಿಲ್ಲ. ನನಗೆ ಅನ್ನ ಸೇರಲಿಲ್ಲ. ಅಯ್ಯೋ, ಒಂದು ಕೂಸನ್ನು ದೇವರಿಂದ ನಾನೇ ದೂರ ಅಟ್ಟಿದೆನೇ ಎಂಬ ದಿಗಿಲು. ತಡೆಯಲಾರದೆ ಮನೆಗೇ ಹೋದೆ.

"ಬರ್ರಿ ಟೀಚರ್," ಎಂದರು ಅವಳ ಅವ್ವ. "ಪ್ರಾರ್ಥನಾ ಮಾಡೂದ ಬಿಟ್ಟಾಳ್ರಿ ಆಕಿ. ನೀವರೆ ಹೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ರೂತ್ ಕೇಳಿದಳು: "ಟೀಚರ್, ನಿಮಗ ಒಮ್ಮೆನೂ ಹಂಗ ಅನಿಸಿಲ್ಲೇನ್ರಿ?"

ಅನಿಸಿತ್ತು. ನನ್ನ ಗಂಡ ಐಸಿಯುವಿನಲ್ಲಿದ್ದ ಕೊನೆಯ ವಾರ ಹೊರಗಿನ ಬೆಂಚಿನ ಮೇಲೆ ಕೂತು ದೇವರನ್ನು "ಒಳಗ ಅದೀಯೋ ಇಲ್ಲೋ" ಎಂದೇ ಕೇಳಿದ್ದೆ. ಬೈಬಲಿನ ಕೀರ್ತನೆಗಳನ್ನು ಬರೆದವರೂ ದೇವರೊಂದಿಗೆ ಹೀಗೇ ಜಗಳಾಡಿದವರೆಂದು ನನಗೆ ಗೊತ್ತಿರಲಿಲ್ಲವೇ? ಆದರೆ ಟೀಚರೇ ಹೀಗೆಂದರೆ ಹುಡುಗಿ ಪೂರಾ ಕೈಬಿಟ್ಟು ಹೋದಾಳೆಂದು ಹೆದರಿದೆ.

"ಇಲ್ಲವ್ವಾ, ಒಮ್ಮೆನೂ ಇಲ್ಲ," ಎಂದೆ.

ಅವಳು ಎದ್ದು ಚಹಾಕ್ಕೆ ಇಟ್ಟಳು. ಮತ್ತೆ ಚರ್ಚಿಗೆ ಬರಲಿಲ್ಲ. ಅಪ್ಪ ಓಡಾಡುವಂತಾದ ಮೇಲೆ ಮನೆಮಂದಿಯೆಲ್ಲ ಊರಿಗೆ ಹೋದರೆಂದು ಯಾರೋ ಹೇಳಿದರು.

ಕಳೆದ ಭಾನುವಾರ ಮಕ್ಕಳು ತಂದ ಕವಿತೆಯೊಂದರಲ್ಲಿ ಯಾರೋ ದೇವರ ಮೇಲೆ ಸಿಟ್ಟಾಗಿದ್ದರು. ನಾನು ಕೇಳುವ ಮೊದಲೇ ಮಕ್ಕಳು "ತಪ್ಪು!" ಎಂದರು. ನಾನೇ ಕಲಿಸಿದ್ದಲ್ಲವೇ?

"ತಡೀರಿ," ಎಂದೆ. "ನನಗೂ ಒಮ್ಮೆ ಹಂಗ ಅನಿಸಿತ್ತು."

ಆಮೇಲೆ ಮಕ್ಕಳು ಒಬ್ಬೊಬ್ಬರೇ ತಮಗೂ ಹಾಗೆ ಅನಿಸಿದ್ದನ್ನು ಹೇಳತೊಡಗಿದರು. ಅಂದು ನನ್ನನ್ನು ಅದನ್ನು ಕೇಳಿದ್ದ ರೂತ್ ಮಾತ್ರ ಅಲ್ಲಿರಲಿಲ್ಲ.